ಬೀಳ್ಕೊಡುವ ಮುನ್ನ

ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ ಮಕ್ಕಳು ಆಟೋಗ್ರಾಫ್ ಪುಸ್ತಕ ಹಿಡಿದು ಓಡಾಡುತ್ತಾರೆ. ಒಂದೇ ಬೆಂಚಿನಲ್ಲಿ ಕುಳಿತು, ಬುತ್ತಿ ಹಂಚಿಕೊಂಡು ಕಳೆದ ವರ್ಷಗಳವು. ಕಣ್ಣು ತೇವವಾಗುವುದು ಸಹಜ. ಆದರೆ ಅದೇ ಬೆಂಚಿನಲ್ಲಿ ಕುಳಿತು ನಾವು ಗೆಳೆಯರಿಗೆ ಅಡ್ಡಹೆಸರುಗಳನ್ನೂ ಇಟ್ಟಿರುತ್ತೇವೆ. ಹೀಗೆ ಹೆಸರಿಟ್ಟು ಹೀಯಾಳಿಸುವುದನ್ನು ಪವಿತ್ರ ಕುರ್‌ಆನ್ (49:11) ಸ್ಪಷ್ಟವಾಗಿ ನಿಷೇಧಿಸಿದೆ. ತಮಾಷೆಗೆಂದು ಅಲ್ಲಿ ವಿನಾಯಿತಿಯಿಲ್ಲ.

ಇನ್ನೊಬ್ಬನ ಮಾನಕ್ಕೆ ಕುಂದು ತಂದವನು, ದೀನಾರು ದಿರ್‌ಹಮುಗಳು ಕೆಲಸಕ್ಕೆ ಬಾರದ ಆ ದಿನ ಬರುವ ಮೊದಲೇ, ಇಂದೇ ಅದರಿಂದ ಬಿಡುಗಡೆ ಪಡೆಯಬೇಕೆಂದು ಪ್ರವಾದಿವರ್ಯರು(ಸ) ಬೋಧಿಸಿದ್ದಾರೆ. ಅಬೂ ಹುರೈರಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿಯಲ್ಲಿದೆ. ತಪ್ಪಿದರೆ ಅಂದು ನಮ್ಮ ಸತ್ಕರ್ಮಗಳೇ ಅವನ ಪಾಲಾಗುತ್ತವೆ.

ನಮ್ಮ ತರಗತಿಯಲ್ಲಿ ಮಾತು ತೊದಲುವ ಹುಡುಗನೊಬ್ಬನಿದ್ದ. ಅವನು ಮುಸ್ಲಿಮನಾಗಿರಲಿಲ್ಲ; ಅನ್ಯಾಯ ಯಾರಿಗೆ ಮಾಡಿದರೂ ಅನ್ಯಾಯವೇ. ಅವನಿಗೆ ಅಡ್ಡಹೆಸರಿಟ್ಟವನು ನಾನು. ಕೊನೆಯ ದಿನ ಅವನ ಪುಸ್ತಕದಲ್ಲಿ ಮುದ್ದಾದ ಅಕ್ಷರಗಳಲ್ಲಿ ಶುಭ ಹಾರೈಸಿದೆ, ಕ್ಷಮೆ ಮಾತ್ರ ಕೇಳಲಿಲ್ಲ. ಅವನು ನನ್ನ ಪುಸ್ತಕದಲ್ಲಿ ಬರೆದದ್ದು ತನ್ನ ಪೂರ್ತಿ ಹೆಸರೊಂದನ್ನೇ. ಕೆಳಗೆ ವಿಳಾಸವಿರಲಿಲ್ಲ. ಊರಿಗೆ ಹೋದಾಗಲೆಲ್ಲ ಹಳೆಯ ಸಹಪಾಠಿಗಳಲ್ಲಿ ಅವನ ವಿಳಾಸ ವಿಚಾರಿಸುತ್ತೇನೆ. ಅವರಿಗೆ ಗುರುತು ಹತ್ತಬೇಕಾದರೆ ನಾನು ಆ ಅಡ್ಡಹೆಸರನ್ನೇ ಹೇಳಬೇಕಾಗುತ್ತದೆ.