ಎದೆಬಡಿತಕ್ಕೆ ಕಿವಿಯಿಂದ ಕಡಿವಾಣ

ಈ ಪಾಠಕ್ಕೆ ಒಂದು ಗಡಿಯಾರ, ನಿಮ್ಮದೇ ಎರಡು ಬೆರಳು ಸಾಕು. ಐದು ನಿಮಿಷ ಅಂಗಾತ ಮಲಗಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ಆಮೇಲೆ ಎದ್ದು ನಿಂತು ಮತ್ತೆ ಎಣಿಸಿ. 70 ಇದ್ದದ್ದು 80ಕ್ಕೋ 85ಕ್ಕೋ ಏರಿದ್ದರೆ ಅದು ಸಹಜ. ನಿಂತ ಕೂಡಲೇ ಅರ್ಧ ಲೀಟರಿನಷ್ಟು ರಕ್ತ ಹೊಟ್ಟೆಯ ಕೆಳಭಾಗಕ್ಕೂ ಕಾಲುಗಳಿಗೂ ಇಳಿಯುತ್ತದೆ. ಕತ್ತಿನ ರಕ್ತನಾಳದ ಗೋಡೆಯಲ್ಲಿರುವ ನರತುದಿಗಳು ಒತ್ತಡ ಕುಗ್ಗಿದ್ದನ್ನು ಅರಿತು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕೆಳಗಿನ ರಕ್ತನಾಳಗಳು ಬಿಗಿಯುತ್ತವೆ, ಹೃದಯ ತುಸು ಬೇಗ ಬಡಿಯುತ್ತದೆ. ಇಷ್ಟೆಲ್ಲ ನಮಗೆ ಗೊತ್ತೇ ಆಗದ ಹಾಗೆ ನಡೆದುಹೋಗುತ್ತದೆ.

ಕೆಲವರಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ನಿಂತ 10 ನಿಮಿಷದೊಳಗೆ ಬಡಿತ 30ಕ್ಕೂ ಹೆಚ್ಚು ಏರಿ ಅಲ್ಲೇ ನಿಲ್ಲುತ್ತದೆ. 12ರಿಂದ 19 ವರ್ಷದವರಲ್ಲಾದರೆ 40ರ ಏರಿಕೆಯನ್ನು ಗಡಿಯಾಗಿ ಹಿಡಿಯುತ್ತಾರೆ. ರಕ್ತದೊತ್ತಡ ಅಷ್ಟಾಗಿ ಕುಸಿಯುವುದಿಲ್ಲ. ಆದರೆ ಎದೆ ಡವಡವ, ತಲೆಸುತ್ತು, ಕೈನಡುಕ, ಮಂಕು. ಮಲಗಿದರೆ ಹಗುರ. ಹೀಗೆ ಮೂರು ತಿಂಗಳಾದರೂ ಕಾಡಿದರೆ, ರಕ್ತಹೀನತೆ, ಥೈರಾಯ್ಡ್ ಮುಂತಾದ ಬೇರೆ ಕಾರಣಗಳಿಲ್ಲದಿದ್ದರೆ, ವೈದ್ಯರು ಅದನ್ನು ಪಾಟ್ಸ್ ಎನ್ನುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು 1993ರಲ್ಲಿ ಇದಕ್ಕೆ ಈಗಿನ ರೂಪದ ವಿವರಣೆ ಕೊಟ್ಟರು. ಬಳಲುವವರಲ್ಲಿ ಹೆಚ್ಚಿನವರು ಹರೆಯದ ಮತ್ತು ನಡುವಯಸ್ಸಿನೊಳಗಿನ ಹೆಂಗಸರು. 'ಟೆನ್ಷನ್ ಮಾಡ್ಕೋಬೇಡಮ್ಮ' ಎಂಬ ಮಾತು ಕೇಳಿಯೇ ಎಷ್ಟೋ ಜನ ಮನೆಗೆ ಮರಳುತ್ತಾರೆ. ಎದೆಗಾರಿಕೆ ಕಡಿಮೆಯಾಗಿ ಬರುವ ಕಾಯಿಲೆ ಇದಲ್ಲ. ನಾಡಿ ಎಣಿಸಿದರೆ ಸಿಗುವ ಸಂಖ್ಯೆ ಅದು, ಯಾರು ಬೇಕಾದರೂ ಎಣಿಸಿ ನೋಡಬಹುದು.

ಈಗ ನರದ ವಿಷಯ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ನಾವು ಕುಳಿತಾಗ 70 ಇರುವುದು ಹೇಗೆ? ಮಿದುಳಿನ ಬುಡದಿಂದ ಕತ್ತು, ಎದೆ ದಾಟಿ ಹೊಟ್ಟೆಯವರೆಗೆ ಹರಿದಾಡುವ ವೇಗಸ್ ನರ ಸದಾ ಕಡಿವಾಣ ಹಿಡಿದಿರುವುದರಿಂದ. 1921ರಲ್ಲಿ ಓಟೋ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯವೊಂದರ ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರು, ಬಡಿತ ನಿಧಾನವಾಯಿತು. ಆ ಹೃದಯವನ್ನು ತೊಯ್ಯಿಸಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹನಿಸಿದಾಗ, ನರವನ್ನು ಮುಟ್ಟದಿದ್ದರೂ ಅದೂ ನಿಧಾನವಾಯಿತು. ನರ ರಾಸಾಯನಿಕದ ಮೂಲಕ ಮಾತಾಡುತ್ತದೆ ಎಂಬುದು ಹಾಗೆ ತಿಳಿಯಿತು. 1936ರಲ್ಲಿ ಲೋವಿ ನೊಬೆಲ್ ಹಂಚಿಕೊಂಡರು. ನಾನು ಎಷ್ಟು ಸಲ ಪಾಠ ಮಾಡಿದರೂ ಈ ಪ್ರಯೋಗದ ಸರಳತೆ ನನಗೆ ಹಳತಾಗಿಲ್ಲ.

ಪಾಟ್ಸ್‌ನಲ್ಲಿ ಏರುವ ಬಡಿತಕ್ಕೆ ಈ ಕಡಿವಾಣವನ್ನೇ ಬಿಗಿಯಬಹುದೇ? ಅದಕ್ಕಾಗಿ ಎದೆಯೊಳಗಿನ ನರವನ್ನು ಮುಟ್ಟಲು ಚರ್ಮ ಸೀಳಬೇಕೇ? ಅಪಸ್ಮಾರಕ್ಕೆ ಕತ್ತಿನ ಹತ್ತಿರ ಶಸ್ತ್ರಚಿಕಿತ್ಸೆ ಮಾಡಿ ಸಾಧನ ಅಳವಡಿಸುವ ಕ್ರಮ ಅಮೆರಿಕದಲ್ಲಿ 1997ರಿಂದಲೇ ಇದೆ. ಆದರೆ ಇದೇ ನರದ ಒಂದು ಎಳೆ ಕಿವಿಗೂ ಬರುತ್ತದೆ. ಕಿವಿಯ ಗುಗ್ಗೆ ತೆಗೆಯುವಾಗ ಕೆಲವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬರುವುದನ್ನು ನೋಡಿದ್ದೀರಲ್ಲ? ಕೆಮ್ಮಿಸುವುದು ಆ ಎಳೆಯೇ. ಗದ್ದಲ ಕೇಳಿಸದಿರಲೆಂದು ಕಿವಿ ಮುಚ್ಚುವಾಗ ನಾವು ಬೆರಳಿನಿಂದ ಒಳಗೊತ್ತುವ ಪುಟ್ಟ ಮೆದುಮೂಳೆಯಿದೆ, ಟ್ರೇಗಸ್. ಅದಕ್ಕೆ ಕ್ಲಿಪ್ ಸಿಕ್ಕಿಸಿ ಸಣ್ಣ ವಿದ್ಯುತ್ ಮಿಡಿತ ಹರಿಸಿದರೆ ಸುದ್ದಿ ಆ ಎಳೆಯ ದಾರಿಯಲ್ಲೇ ಮಿದುಳಿಗೆ ಹೋಗುತ್ತದೆ.

ಅಮೆರಿಕದ ಒಕ್ಲಹಾಮಾದಲ್ಲಿ ಸ್ಟಾವ್ರೋಸ್ ಸ್ಟಾವ್ರಾಕಿಸ್ ಮತ್ತು ಸಂಗಡಿಗರು ಇದನ್ನು 26 ಪಾಟ್ಸ್ ರೋಗಿಗಳಲ್ಲಿ ಪರೀಕ್ಷಿಸಿದರು. ದಿನಕ್ಕೆ ಒಂದು ಗಂಟೆ, ಎರಡು ತಿಂಗಳು. ಕೆಲವರಿಗೆ ಕ್ಲಿಪ್ ಟ್ರೇಗಸ್‌ಗೆ. ಉಳಿದವರಿಗೆ ಓಲೆ ಹಾಕುವ ಕಿವಿಹಾಲೆಗೆ. ಹಾಲೆಗೆ ವೇಗಸ್ ಎಳೆ ಬರುವುದಿಲ್ಲ, ಹಾಗಾಗಿ ಅದು ಹೋಲಿಕೆಗೆ ಇಟ್ಟ ನಟನೆಯ ಚಿಕಿತ್ಸೆ. ಎರಡು ತಿಂಗಳ ಬಳಿಕ ನಿಂತಾಗ ಏರುವ ಬಡಿತ ಹಾಲೆಯ ಗುಂಪಿನಲ್ಲಿ ಸರಾಸರಿ 32ರ ಆಸುಪಾಸು, ಟ್ರೇಗಸ್ ಗುಂಪಿನಲ್ಲಿ 18ರ ಆಸುಪಾಸು. ಹೃದಯದ ನರವ್ಯವಸ್ಥೆಯ ಗ್ರಾಹಕಗಳ ವಿರುದ್ಧ ದೇಹವೇ ತಯಾರಿಸುವ ಕೆಲವು ಪ್ರತಿಕಾಯಗಳೂ ಇಳಿದಿದ್ದವು.

ನನಗೆ ಇದು ಖುಷಿ ಕೊಟ್ಟ ಸುದ್ದಿ. ಆದರೂ 26 ಎಂದರೆ ಒಂದು ಸಣ್ಣ ತರಗತಿಯಷ್ಟು ಜನ. ನೂರಾರು ಜನರಲ್ಲಿ ಪರೀಕ್ಷೆಯಾಗುವ ತನಕ ಇದನ್ನು ಭರವಸೆಯ ದಾರಿ ಎನ್ನಬಹುದು, ಸಿದ್ಧ ಮದ್ದು ಎನ್ನಲಾಗದು. ಆನ್‌ಲೈನ್‌ನಲ್ಲಿ ಸಿಗುವ ಕ್ಲಿಪ್ ತರಿಸಿ ನೀವೇ ಹಚ್ಚಿಕೊಳ್ಳಬೇಡಿ. ಪೇಸ್‌ಮೇಕರ್ ಇದ್ದವರು, ಬಡಿತ ಮೊದಲೇ ನಿಧಾನ ಇರುವವರು, ಗರ್ಭಿಣಿಯರು ಅದರ ಹತ್ತಿರವೂ ಹೋಗಬಾರದು. ಸದ್ಯಕ್ಕೆ ಮೊದಲ ಹೆಜ್ಜೆಗಳೆಂದರೆ ಹೆಚ್ಚು ನೀರು, ಬಿ.ಪಿ., ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ವೈದ್ಯರು ಹೇಳಿದಷ್ಟು ಹೆಚ್ಚುವರಿ ಉಪ್ಪು, ಕಾಲಿಗೆ ಬಿಗಿಯಾದ ಕಾಲುಚೀಲ, ಒರಗಿ ಕುಳಿತು ಮಾಡುವ ವ್ಯಾಯಾಮ. ಸಾಲದಿದ್ದರೆ ಮಾತ್ರೆ.

ನಿಮಗೆ ಅನುಮಾನವಿದ್ದರೆ ಮೂರು ದಿನ ಬೆಳಗ್ಗೆ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಮಲಗಿದಾಗಿನ ನಾಡಿ ಮತ್ತು ನಿಂತ 2, 5, 10ನೇ ನಿಮಿಷದ ನಾಡಿ ಬರೆದಿಡಿ. ತಲೆ ತಿರುಗಿದರೆ ತಕ್ಷಣ ಕುಳಿತುಬಿಡಿ. ಆ ಹಾಳೆಯನ್ನು ವೈದ್ಯರ ಮೇಜಿನ ಮೇಲಿಟ್ಟು ಮಾತು ಶುರುಮಾಡಿ.