ಗ್ರೀವಾಪೀಡೆ ಮತ್ತು ಶಸ್ತ್ರಚಿಕಿತ್ಸೆಯ ವಿವೇಕ

ತಲೆಯ ಭಾರವನ್ನು ಜೀವಮಾನವೆಲ್ಲ ಹೊರುವ ಅಂಗ ಕುತ್ತಿಗೆ. ನೋವು ಕಾಣಿಸಿಕೊಳ್ಳುವವರೆಗೆ ಅದರ ನೆನಪು ಯಾರಿಗೂ ಬರುವುದಿಲ್ಲ. ಸುಶ್ರುತಾಚಾರ್ಯರು ವಾತವ್ಯಾಧಿಗಳ ನಡುವೆ ‘ಮನ್ಯಾಸ್ತಂಭ’ವನ್ನು ಹೇಳಿದ್ದಾರೆ, ಕುತ್ತಿಗೆ ಸೆಟೆದು ನಿಲ್ಲುವುದೆಂದು ಅದರ ತಾತ್ಪರ್ಯ. ವಯಸ್ಸಿನೊಡನೆ ಕುತ್ತಿಗೆಯ ಮೂಳೆಗಳಲ್ಲಿ ಉಂಟಾಗುವ ಸವೆತಕ್ಕೆ ಇಂದಿನ ವೈದ್ಯರು ಸರ್ವೈಕಲ್ ಸ್ಪಾಂಡಿಲೋಸಿಸ್ ಎನ್ನುತ್ತಾರೆ. ಕೋಲಾರ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು, ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ನೌಕರರು, ಉತ್ತರಪತ್ರಿಕೆಗಳ ಮೇಲೆ ಬಾಗಿ ಕೂರುವ ಉಪಾಧ್ಯಾಯರು, ಇವರಲ್ಲಿ ಯಾರಿಗಾದರೂ ಅದು ಬರಬಹುದು. ಬಂದಾಗ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಶಸ್ತ್ರಚಿಕಿತ್ಸೆ ಮಾಡಿಸಬೇಕೆ, ಬೇಡವೆ?

ಕುತ್ತಿಗೆಯಲ್ಲಿ ಏಳು ಮೂಳೆಯ ಮಣಿಗಳಿವೆ. ಮೊದಲ ಎರಡರ ನಡುವೆ ಬಿಟ್ಟು, ಉಳಿದ ಮಣಿಗಳ ನಡುವೆ ಮೆತ್ತೆಯಂತಹ ಡಿಸ್ಕುಗಳಿವೆ. ಮಣಿಗಳ ಹಿಂಬದಿಯ ಕಾಲುವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಇಕ್ಕೆಲದ ಕಿಂಡಿಗಳಿಂದ ಎಂಟು ಜೊತೆ ನರಗಳು ಹೊರಡುತ್ತವೆ. ವಯಸ್ಸಾದಂತೆ ಡಿಸ್ಕುಗಳು ಒಣಗಿ ಕುಗ್ಗುತ್ತವೆ, ಮಣಿಗಳ ಅಂಚಿನಲ್ಲಿ ಎಲುಬು ಮುಳ್ಳಿನಂತೆ ಬೆಳೆಯುತ್ತದೆ, ಕಾಲುವೆ ಮತ್ತು ಕಿಂಡಿಗಳು ಕಿರಿದಾಗುತ್ತವೆ. ಅರವತ್ತು ದಾಟಿದ ಬಹುಪಾಲು ಜನರ ಕ್ಷ-ಕಿರಣ ಚಿತ್ರದಲ್ಲಿ ಇಂತಹ ಸವೆತ ಕಾಣುತ್ತದೆ. ಅವರಲ್ಲಿ ಅನೇಕರಿಗೆ ಯಾವ ನೋವೂ ಇರುವುದಿಲ್ಲ. ಆದುದರಿಂದ ಚಿತ್ರವೊಂದನ್ನೇ ನೋಡಿ ಶಸ್ತ್ರಕ್ಕೆ ಮುಂದಾಗುವುದು ಸಲ್ಲದು.

ಈ ವ್ಯಾಧಿ ಮೂರು ರೂಪಗಳಲ್ಲಿ ಪ್ರಕಟವಾಗುತ್ತದೆ. ಮೊದಲನೆಯದು, ಕುತ್ತಿಗೆಯಲ್ಲಿ ಮಾತ್ರ ನೋವು. ಎರಡನೆಯದು, ಕಿಂಡಿಯಲ್ಲಿ ನರಮೂಲ ಅದುಮಿ ತೋಳಿಗೆ ಹರಿಯುವ ನೋವು, ಜೋಮು, ನಿಶ್ಶಕ್ತಿ. ಮೂರನೆಯದು, ಬೆನ್ನುಹುರಿಯೇ ಅದುಮಿ ಕೈಕಾಲುಗಳ ಹಿಡಿತ ತಪ್ಪುವುದು.

ಇಬ್ಬರನ್ನು ಕಲ್ಪಿಸಿಕೊಂಡರೆ ಇವುಗಳ ಅಂತರ ಸ್ಪಷ್ಟವಾಗುವುದು. ಬಂಗಾರಪೇಟೆಯ ಒಬ್ಬ ಉಪಾಧ್ಯಾಯರು ಕತ್ತಿನ ನೋವಿನಿಂದ ರಾತ್ರಿ ನಿದ್ರೆ ಕಾಣದೆ, ನಾಳೆಯೇ ಶಸ್ತ್ರಚಿಕಿತ್ಸೆಯಾಗಲೆಂದು ಬೇಡುತ್ತಾರೆ. ಮಾರಿಕುಪ್ಪಂನ ಒಬ್ಬ ಹಳೆಯ ಗಣಿ ಕಾರ್ಮಿಕರಿಗೆ ನೋವೆಂಬುದೇ ಇಲ್ಲ. ಆದರೆ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ಪೂಜೆಯ ವೇಳೆ ಇಷ್ಟಲಿಂಗವನ್ನು ಹಿಡಿದ ಅಂಗೈ ಮರಗಟ್ಟಿದಂತಿರುತ್ತದೆ, ನಡೆಯುವಾಗ ಕಾಲು ತೂರಾಡುತ್ತದೆ. ವಯಸ್ಸಿನ ದೋಷವೆಂದು ಮನೆಯವರು ಸುಮ್ಮನಿರುತ್ತಾರೆ. ವಾಸ್ತವವಾಗಿ ತ್ವರೆ ಬೇಕಾದುದು ಎರಡನೆಯವರಿಗೆ. ನೋವಿನ ಕೂಗು ದೊಡ್ಡದಾದರೂ ಅದು ಅಪಾಯದ ಅಳತೆಗೋಲಲ್ಲ. ಕೈಯ ಮೌನವೇ ದೊಡ್ಡ ಎಚ್ಚರಿಕೆ.

ಕುತ್ತಿಗೆಯ ನೋವು ಮಾತ್ರವಿದ್ದರೆ ಶಸ್ತ್ರಚಿಕಿತ್ಸೆಯ ಫಲ ಅನಿಶ್ಚಿತ. ಅಲ್ಲಿ ವ್ಯಾಯಾಮ, ಕುಳಿತುಕೊಳ್ಳುವ ಭಂಗಿಯ ತಿದ್ದುಪಡಿ, ಮಿತವಾದ ಔಷಧ ಇವೇ ಮಾರ್ಗ. ನರಮೂಲದ ನೋವೂ ಬಹುಮಂದಿಯಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಇಳಿಯುತ್ತದೆ. ಇಳಿಯದೆ ಬಾಧಿಸಿದರೆ, ಅಥವಾ ತೋಳಿನ ಶಕ್ತಿ ಕುಂದುತ್ತ ಬಂದರೆ ಶಸ್ತ್ರಚಿಕಿತ್ಸೆಯನ್ನು ಯೋಚಿಸಬೇಕು. ಬೆನ್ನುಹುರಿ ಅದುಮಿ ಲಕ್ಷಣಗಳು ಮಧ್ಯಮ ಅಥವಾ ತೀವ್ರವಾಗಿದ್ದರೆ ತಡಮಾಡಬಾರದು. ಅಲ್ಲಿ ಶಸ್ತ್ರದ ಮುಖ್ಯ ಉದ್ದೇಶ ರೋಗವನ್ನು ಇದ್ದಲ್ಲಿಯೇ ತಡೆಯುವುದು; ಬಹುಕಾಲದ ಹಿಂದೆ ಕಳೆದುಹೋದ ಶಕ್ತಿಯೆಲ್ಲ ಮರಳುವುದೆಂಬ ಭರವಸೆಯಿಲ್ಲ. ಇಂತಹವರು ಕ್ಷೌರದಂಗಡಿಯಲ್ಲಿ ಕತ್ತು ತಿರುಚಿ ನೆಟಿಗೆ ತೆಗೆಸಿಕೊಳ್ಳುವುದು ಅಪಾಯಕರ.

ಶಸ್ತ್ರವಿಧಾನಗಳು ಮುಖ್ಯವಾಗಿ ಮೂರು. ಮೊದಲನೆಯದು, ಕೊರಳಿನ ಮುಂಭಾಗದಿಂದ ಹೋಗಿ, ಕೆಟ್ಟ ಡಿಸ್ಕನ್ನು ತೆಗೆದು, ಆ ಎಡೆಯಲ್ಲಿ ಎಲುಬಿನ ತುಂಡನ್ನೋ ಕೃತಕ ಆಧಾರವನ್ನೋ ಇಟ್ಟು ಎರಡು ಮಣಿಗಳನ್ನು ಬೆಸೆಯುವುದು. 1958ರಲ್ಲಿ ಅಮೆರಿಕದ ಸ್ಮಿತ್ ಮತ್ತು ರಾಬಿನ್ಸನ್ ಒಂದು ಕ್ರಮವನ್ನೂ, ಕ್ಲೋವರ್ಡ್ ಇನ್ನೊಂದನ್ನೂ ಪ್ರಕಟಿಸಿದ ಮೇಲೆ ಇದು ವ್ಯಾಪಕವಾಯಿತು. ಎರಡನೆಯದು, ಬೆಸೆಯುವ ಬದಲು ಚಲಿಸುವ ಕೃತಕ ಡಿಸ್ಕನ್ನು ಇಡುವುದು. ಕುತ್ತಿಗೆಯ ಚಲನೆ ಉಳಿಯುತ್ತದೆ. ಆದರೆ ಹಿಂಬದಿಯ ಕೀಲುಗಳು ಬಹಳ ಸವೆದವರಿಗೆ ಇದು ಒಗ್ಗದು. ಮೂರನೆಯದು, ಹಿಂಭಾಗದಿಂದ ಹೋಗಿ ಕಾಲುವೆಯನ್ನು ಅಗಲಗೊಳಿಸುವುದು. ಕಾಲುವೆಯ ಹಿಂಗೋಡೆಯನ್ನು ತೆಗೆಯುವ ಲ್ಯಾಮಿನೆಕ್ಟಮಿ, ಅದನ್ನು ಬಾಗಿಲಿನಂತೆ ತೆರೆದು ನಿಲ್ಲಿಸುವ, ಜಪಾನಿನಲ್ಲಿ ಬೆಳೆದ ಲ್ಯಾಮಿನೋಪ್ಲಾಸ್ಟಿ ಈ ವರ್ಗದವು. ಹಲವು ಮಣಿಗಳ ಮಟ್ಟದಲ್ಲಿ ಒತ್ತಡವಿದ್ದು, ಕುತ್ತಿಗೆಯ ಸಹಜವಾದ ಬಾಗು ಉಳಿದಿದ್ದರೆ ಲ್ಯಾಮಿನೋಪ್ಲಾಸ್ಟಿ ಯುಕ್ತ.

ಪ್ರತಿಯೊಂದಕ್ಕೂ ಬೆಲೆಯುಂಟು. ಮುಂಭಾಗದ ಶಸ್ತ್ರದ ನಂತರ ನುಂಗಲು ಕಷ್ಟ, ಧ್ವನಿ ಒಡಕಾಗುವುದು ಸಂಭವಿಸಬಹುದು, ಸಾಮಾನ್ಯವಾಗಿ ತಾತ್ಕಾಲಿಕ. ಹಿಂಭಾಗದ ಶಸ್ತ್ರದ ನಂತರ ಕತ್ತಿನ ನೋವು ಉಳಿಯಬಹುದು, ಭುಜದ ಶಕ್ತಿ ಕೆಲಕಾಲ ಕುಂದಬಹುದು. ಹೊಗೆ ಸೇದುವವರಲ್ಲಿ ಮೂಳೆ ಸುಲಭವಾಗಿ ಬೆಸೆಯುವುದಿಲ್ಲ. ಬೆಸೆದ ಮಣಿಗಳ ಮೇಲಿನ ಮತ್ತು ಕೆಳಗಿನ ಡಿಸ್ಕುಗಳು ಮುಂದೆ ಸವೆದು ತೊಂದರೆ ಕೊಡುವುದೂ ಉಂಟು. ಇದನ್ನು ತಿಳಿಯಲು ಈ ನೆಲದವರಿಗೆ ದೂರದ ಉಪಮಾನ ಬೇಡ. 2001ರ ಫೆಬ್ರವರಿ 28ರಂದು ಮುಚ್ಚಿದ ಇಲ್ಲಿನ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದ್ದು. ಅಲ್ಲಿ ಅದಿರು ತೆಗೆದ ಎಡೆಯ ಭಾರ ಪಕ್ಕದ ಬಂಡೆಗೆ ವರ್ಗವಾಗಿ, ತಾಳಲಾರದೆ ಬಂಡೆ ಸಿಡಿಯುತ್ತಿತ್ತು. ಒಂದೆಡೆ ಕೈಯಿಟ್ಟರೆ ಭಾರ ಎಲ್ಲಿಗೆ ಸಾಗುವುದೆಂದು ಎಣಿಸುವ ಗಣಿಯ ವಿವೇಕ ಇಲ್ಲಿಯೂ ಸಲ್ಲುತ್ತದೆ.

ಆದುದರಿಂದ ರೋಗಿಯೂ ಮನೆಯವರೂ ವೈದ್ಯರನ್ನು ನಾಲ್ಕು ಪ್ರಶ್ನೆ ಕೇಳಬೇಕು. ಅದುಮಿರುವುದು ನರಮೂಲವೋ, ಬೆನ್ನುಹುರಿಯೋ? ಎಂ.ಆರ್.ಐ. ಚಿತ್ರವೂ ದೇಹದ ಲಕ್ಷಣಗಳೂ ಒಂದನ್ನೊಂದು ಒಪ್ಪುತ್ತವೆಯೋ? ಈ ವಿಧಾನವನ್ನೇ ಆರಿಸಲು ಕಾರಣವೇನು? ಕಾದರೆ ಆಗುವ ನಷ್ಟವೇನು? ಸಂದೇಹ ಉಳಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಅವಿಶ್ವಾಸವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರಶಸ್ತ್ರಚಿಕಿತ್ಸಾ ವಿಭಾಗ ಇಲ್ಲಿಂದ ರೈಲಿನ ಒಂದು ದಿನದ ಹೋಗಿಬರುವ ದಾರಿ. ಬಡ ರೋಗಿಗೆ ಆ ದಾರಿಯ ಖರ್ಚನ್ನೂ ಜೊತೆಗೊಬ್ಬರನ್ನೂ ಒದಗಿಸುವುದು ಉಳ್ಳವರು ಮಾಡಬಹುದಾದ ದಾಸೋಹ.

ಶರಣಧರ್ಮದಲ್ಲಿ ಕಾಯಕಕ್ಕೆ ಸಂದ ಸ್ಥಾನ ಎಲ್ಲರಿಗೂ ತಿಳಿದದ್ದೇ. ಕಾಯಕ ನಡೆಯುವುದು ಕೈಯಿಂದ. ನೋವಿಗೆ ಹೆದರಿ ಶಸ್ತ್ರಕ್ಕೆ ಧಾವಿಸದೆ, ಶಸ್ತ್ರಕ್ಕೆ ಹೆದರಿ ಕೈಯನ್ನು ಕಳೆದುಕೊಳ್ಳದೆ, ತೂಗಿ ನಡೆಯುವುದೇ ವಿವೇಕ.