ಆಪಾದನೆಯೇ ಇಲ್ಲದ ಸೆರೆ: ಉತ್ತರ ಐರ್ಲೆಂಡಿನ ಪಾಠ

ಡಬ್ಲಿನ್‌ನಿಂದ ಡೆರಿಗೆ ಬಸ್ಸಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಗಡಿ ದಾಟಿದ್ದು ಗೊತ್ತಾಗೋದು ರಸ್ತೆ ಫಲಕದ ಕಿಲೋಮೀಟರ್ ಹೋಗಿ ಮೈಲಿ ಆದಾಗ ಮಾತ್ರ. ಚೆಕ್‌ಪೋಸ್ಟ್ ಇಲ್ಲ, ಪೊಲೀಸರಿಲ್ಲ. ಆದರೂ ನಮ್ಮಂಥ ಭಾರತೀಯ ವಿದ್ಯಾರ್ಥಿಗಳು ಅತ್ತ ಕಾಲಿಡಬೇಕಾದರೆ ಬೇರೆ ಬ್ರಿಟಿಷ್ ವೀಸಾ ಬೇಕು. ಹಾಗಾಗಿ ನಮ್ಮ ಓದಿನ ಗುಂಪು ಈ ವರ್ಷ ಡೆರಿಯನ್ನು ಗ್ರಂಥಾಲಯದಲ್ಲಿ ಕೂತೇ ನೋಡಿತು. ನಾವು ಹೆಚ್ಚಿನವರು ಎಂಜಿನಿಯರಿಂಗ್ ಮುಗಿಸಿ ಬಂದವರು, ಕಾನೂನು ನಮ್ಮ ವಿಷಯ ಅಲ್ಲ. ಓದಿ ಅರ್ಥವಾದಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಒಂದು ಪದ. ಇಲ್ಲಿನವರು 'ಇಂಟರ್ನ್‌ಮೆಂಟ್' ಅಂದರೆ ನಮ್ಮ ಕಿವಿಗೆ ಇಂಟರ್ನ್‌ಶಿಪ್ ಅಂತ ಕೇಳಿಸುತ್ತೆ. ಅರ್ಥ ಮಾತ್ರ ಬೇರೆ: ಆಪಾದನೆ ಹೊರಿಸದೆ, ನ್ಯಾಯಾಲಯಕ್ಕೆ ಹಾಜರುಪಡಿಸದೆ, ಸರ್ಕಾರದ ಆದೇಶದ ಮೇಲೆ ಒಬ್ಬರನ್ನು ಕೂಡಿಹಾಕುವುದು. ಮಾಮೂಲಿ ಬಂಧನದಲ್ಲಿ ಸೆಕ್ಷನ್ ಇರುತ್ತೆ, ವಕೀಲರಿರುತ್ತಾರೆ, ಶಿಕ್ಷೆಯಾದರೆ ಬಿಡುಗಡೆಯ ದಿನವೂ ಗೊತ್ತಿರುತ್ತೆ. ಇಲ್ಲಿ ಅದ್ಯಾವುದೂ ಇಲ್ಲ. ನಿರಪರಾಧಿ ಅಂತ ಸಾಬೀತು ಮಾಡೋಣ ಅಂದರೆ, ಯಾವ ಅಪರಾಧದ ವಿಷಯದಲ್ಲಿ?

ಉತ್ತರ ಐರ್ಲೆಂಡ್ ಹುಟ್ಟಿದ್ದು 1921ರಲ್ಲಿ. ಅಲ್ಲಿನ ಕ್ಯಾಥೊಲಿಕರು ಜನಸಂಖ್ಯೆಯ ಮೂರನೇ ಒಂದು ಭಾಗದಷ್ಟು. ಸ್ಥಳೀಯ ಚುನಾವಣೆಯಲ್ಲಿ ಮತ ಇದ್ದದ್ದು ಮನೆ ತೆರಿಗೆ ಕಟ್ಟುವ ದಂಪತಿಗೆ. ಅದೇ ಮನೆಯಲ್ಲಿರುವ ದೊಡ್ಡ ಮಕ್ಕಳಿಗೆ, ಬಾಡಿಗೆಗೆ ಕೋಣೆ ಹಿಡಿದವರಿಗೆ ಇಲ್ಲ. ಡೆರಿಯಲ್ಲಂತೂ ಕ್ಯಾಥೊಲಿಕರದೇ ಬಹುಮತ, ಆದರೆ ವಾರ್ಡುಗಳ ಗೆರೆ ಎಳೆದ ರೀತಿಯಿಂದ ನಗರಸಭೆ ಯಾವಾಗಲೂ ಯೂನಿಯನಿಸ್ಟರ ಕೈಯಲ್ಲೇ. ಸರ್ಕಾರಿ ಮನೆ ಹಂಚುವುದೂ ಈ ಸಭೆಗಳೇ. ಮನೆ ಕೊಟ್ಟರೆ ಮತ ಕೊಟ್ಟಂತೆ, ಅದಕ್ಕೇ ಕೊಡುತ್ತಿರಲಿಲ್ಲ. 1968ರ ಜೂನ್‌ನಲ್ಲಿ ಕ್ಯಾಲಿಡನ್ ಎಂಬ ಹಳ್ಳಿಯಲ್ಲಿ ದೊಡ್ಡ ಕ್ಯಾಥೊಲಿಕ್ ಕುಟುಂಬಗಳು ಕಾಯುತ್ತಿರುವಾಗ ಮನೆಯೊಂದನ್ನು 19 ವರ್ಷದ ಅವಿವಾಹಿತ ಪ್ರಾಟೆಸ್ಟಂಟ್ ಯುವತಿಗೆ ಕೊಟ್ಟರು. ಶಾಸಕ ಆಸ್ಟಿನ್ ಕರಿ ಆ ಮನೆಯೊಳಗೆ ಹೋಗಿ ಕೂತುಬಿಟ್ಟರು. ಡಬ್ಲಿನ್‌ನಲ್ಲಿ ಕೋಣೆ ಹುಡುಕಿ ಸುಸ್ತಾದ ನಮಗೆ, ಒಂದು ಚಳವಳಿ ಮನೆಯ ವಿಷಯಕ್ಕೆ ಹೊತ್ತಿಕೊಂಡಿತು ಅನ್ನೋದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

1968ರ ಅಕ್ಟೋಬರ್ 5ರಂದು ಡೆರಿಯಲ್ಲಿ ನಿಷೇಧ ಮೀರಿ ನಡೆದ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದ್ದು ಟಿವಿಯಲ್ಲಿ ಬಂತು. ಕೆಲವೇ ದಿನಗಳಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ಪೀಪಲ್ಸ್ ಡೆಮಾಕ್ರಸಿ' ಕಟ್ಟಿದರು. 1969ರ ಹೊಸ ವರ್ಷದ ದಿನ ಸುಮಾರು 40 ಮಂದಿ ಬೆಲ್‌ಫಾಸ್ಟಿನಿಂದ ಡೆರಿಗೆ ನಡೆದು ಹೊರಟರು. ಮಾದರಿ, ಅಮೆರಿಕದ ಸೆಲ್ಮಾದಿಂದ ಮಾಂಟ್‌ಗೊಮರಿಗೆ ನಡೆದ ಕಪ್ಪು ಜನರ ಜಾಥಾ. ನಾಲ್ಕನೇ ದಿನ ಬರ್ನ್‌ಟೊಲೆಟ್ ಸೇತುವೆ ಹತ್ತಿರ ಕಲ್ಲು, ದೊಣ್ಣೆ ಹಿಡಿದ ಗುಂಪು ಮೇಲೆ ಬಿತ್ತು. ಅದರಲ್ಲಿ ರಜೆಯಲ್ಲಿದ್ದ ಮೀಸಲು ಪೊಲೀಸರೂ ಇದ್ದರು. ಜೊತೆಗಿದ್ದ ಪೊಲೀಸರು ರಕ್ಷಣೆ ಕೊಟ್ಟದ್ದು ಅಷ್ಟಕ್ಕಷ್ಟೇ.

ಆ ಜಾಥಾದಲ್ಲಿದ್ದ ಮನಶ್ಶಾಸ್ತ್ರದ ವಿದ್ಯಾರ್ಥಿನಿ ಬರ್ನಡೆಟ್ ಡೆವ್ಲಿನ್ ಅದೇ ಏಪ್ರಿಲ್‌ನಲ್ಲಿ, ಇನ್ನೂ 21 ವರ್ಷದವಳಿದ್ದಾಗಲೇ, ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದಳು. (ನಮ್ಮಲ್ಲಿ ಕೆಲವರು ಆ ವಯಸ್ಸಿಗೆ ಬ್ಯಾಕ್‌ಲಾಗ್ ಕಟ್ಟುತ್ತಿದ್ದೆವು.) ಆಗಸ್ಟ್‌ನಲ್ಲಿ ಡೆರಿಯ ಬಾಗ್‌ಸೈಡ್ ಕೇರಿಯವರು ಪೊಲೀಸರನ್ನು ಒಳಗೆ ಬಿಡದೆ ಹೋರಾಡಿದಾಗ ಅವಳು ಮುಂದೆ ನಿಂತಿದ್ದಳು. ಗಲಭೆಗೆ ಪ್ರಚೋದನೆ ಅಂತ ಆರು ತಿಂಗಳ ಶಿಕ್ಷೆಯಾಗಿ, 1970ರ ಜೂನ್‌ನಲ್ಲಿ ಸಂಸದೆಯಾಗಿದ್ದಾಗಲೇ ಜೈಲು ಸೇರಿ, ಸುಮಾರು ನಾಲ್ಕು ತಿಂಗಳು ಒಳಗಿದ್ದಳು. ತೀರ್ಪು ನ್ಯಾಯವೋ ಅನ್ಯಾಯವೋ, ನಮ್ಮ ಗುಂಪಿನಲ್ಲಿ ಒಮ್ಮತ ಇಲ್ಲ. ಆದರೆ ಅಲ್ಲೊಂದು ಆಪಾದನೆ ಇತ್ತು, ವಿಚಾರಣೆ ಇತ್ತು, ಹೊರಬರುವ ದಿನ ಇತ್ತು.

ಮುಂದಿನ ವರ್ಷ ಅದೂ ಹೋಯಿತು. 1922ರ 'ವಿಶೇಷಾಧಿಕಾರ ಕಾಯ್ದೆ' ವಿಚಾರಣೆಯಿಲ್ಲದೆ ಹಿಡಿದಿಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತ್ತು. ತಾತ್ಕಾಲಿಕ ಅಂತ ತಂದದ್ದು, 1933ರಲ್ಲಿ ಕಾಯಂ ಆಯಿತು. 1971ರ ಆಗಸ್ಟ್ 9ರ ಬೆಳಗಿನ ಜಾವ ಸೈನಿಕರು ಮನೆಗಳಿಗೆ ನುಗ್ಗಿ 342 ಜನರನ್ನು ಎಳೆದೊಯ್ದರು. ಅಷ್ಟರಲ್ಲಿ ಐಆರ್‌ಎ ಬಾಂಬು, ಗುಂಡಿನ ದಾಳಿ ಶುರು ಮಾಡಿತ್ತು, ಸೈನಿಕರೂ ಜನಸಾಮಾನ್ಯರೂ ಸಾಯುತ್ತಿದ್ದರು ಅನ್ನೋದನ್ನು ಬಿಟ್ಟು ಈ ಪಾಠ ಓದಿದರೆ ಮೋಸ. ಆದರೆ ಪಟ್ಟಿ ನೋಡಿ. ಪ್ರಾಟೆಸ್ಟಂಟ್ ಕಡೆಯ ಸಶಸ್ತ್ರ ಗುಂಪಿನ ಒಬ್ಬನೂ ಅದರಲ್ಲಿರಲಿಲ್ಲ. ಅವರಲ್ಲಿ ಮೊದಲ ಬಂಧನ ಆದದ್ದು 1973ರಲ್ಲಿ. ಪೊಲೀಸರ ಮಾಹಿತಿ ಎಷ್ಟು ಹಳೆಯದೆಂದರೆ ಎರಡೇ ದಿನದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಿಡಬೇಕಾಯಿತು. ಅದೇ ಪಟ್ಟಿಯಲ್ಲಿ ಪೀಪಲ್ಸ್ ಡೆಮಾಕ್ರಸಿಯ ಮೈಕಲ್ ಫ್ಯಾರೆಲ್ ಇದ್ದರು, ಪ್ರಾಟೆಸ್ಟಂಟ್ ಮನೆಯಲ್ಲಿ ಹುಟ್ಟಿದ ಜಾನ್ ಮಗಫಿನ್ ಕೂಡ ಇದ್ದರು. ಇವರದ್ದು ಬೀದಿಯ ಹೋರಾಟ. ಬಂದೂಕು ಹಿಡಿದವನನ್ನೂ ಬ್ಯಾನರ್ ಹಿಡಿದವನನ್ನೂ ಒಂದೇ ಲಾರಿಗೆ ತುಂಬಲು ಆ ಕಾಯ್ದೆಯಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ವಿಚಾರಣೆ ಇದ್ದಿದ್ದರೆ ಆ ವ್ಯತ್ಯಾಸ ಅಲ್ಲಿ ಹೊರಬರುತ್ತಿತ್ತು.

ಒಳಗೆ 14 ಜನರ ಮೇಲೆ 'ಐದು ತಂತ್ರ' ಪ್ರಯೋಗವಾಯಿತು: ತಲೆಗೆ ಚೀಲ, ಗೋಡೆಗೆ ಒರಗಿಸಿ ಗಂಟೆಗಟ್ಟಲೆ ನಿಲ್ಲಿಸುವುದು, ನಿಲ್ಲದ ಸದ್ದು, ನಿದ್ದೆ ಇಲ್ಲ, ಅನ್ನ ನೀರು ಅರೆಬರೆ. ಐರ್ಲೆಂಡ್ ಸರ್ಕಾರ ಬ್ರಿಟನ್ನಿನ ಮೇಲೆ ಹೂಡಿದ ದಾವೆಯಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ 1978ರಲ್ಲಿ ಇದನ್ನು ಅಮಾನುಷ, ಅವಮಾನಕರ ಅಂತ ಕರೆಯಿತು, ಚಿತ್ರಹಿಂಸೆ ಅಂತ ಕರೆಯಲಿಲ್ಲ. ಈ ವ್ಯತ್ಯಾಸ ನಮಗೆ ಇವತ್ತಿಗೂ ಅರ್ಥವಾಗಿಲ್ಲ.

ಶಾಂತಿ ಬಂತಾ ಅಂದರೆ, 1972ರಲ್ಲಿ ಸುಮಾರು 480 ಜನ ಸತ್ತರು, ಆ ಮೂವತ್ತು ವರ್ಷಗಳಲ್ಲೇ ಅತಿ ಹೆಚ್ಚು. ಜನವರಿ 30ರಂದು ಡೆರಿಯಲ್ಲಿ ಸೈನಿಕರು 13 ಜನರನ್ನು ಗುಂಡಿಟ್ಟು ಕೊಂದ ಮೆರವಣಿಗೆ ಇದೇ ಇಂಟರ್ನ್‌ಮೆಂಟ್ ವಿರುದ್ಧದ್ದು. ಸತ್ತವರಲ್ಲಿ ಆರು ಮಂದಿಗೆ 17 ವರ್ಷ. 1975ರ ಡಿಸೆಂಬರ್‌ನಲ್ಲಿ ನಿಲ್ಲುವ ಹೊತ್ತಿಗೆ 1,981 ಜನ ಹೀಗೆ ಒಳಗೆ ಹೋಗಿ ಬಂದಿದ್ದರು, ಅವರಲ್ಲಿ 1,874 ಮಂದಿ ಕ್ಯಾಥೊಲಿಕ್ ಕಡೆಯವರು.

ಇದು ಬ್ರಿಟಿಷರ ಬುದ್ಧಿ ಮಾತ್ರ ಅಂದುಕೊಂಡಿದ್ದೆವು. ನಾವಿರುವ ಈ ಐರ್ಲೆಂಡೂ 1957ರಲ್ಲಿ ಜೆರಾರ್ಡ್ ಲಾಲೆಸ್ ಎಂಬ ಯುವಕನನ್ನು ಕರಾ ಶಿಬಿರದಲ್ಲಿ ಐದು ತಿಂಗಳು ವಿಚಾರಣೆಯಿಲ್ಲದೆ ಇಟ್ಟಿತ್ತು. ಮೇಲೆ ಹೇಳಿದ ಯುರೋಪಿನ ನ್ಯಾಯಾಲಯ ತೀರ್ಮಾನಿಸಿದ ಮೊಟ್ಟಮೊದಲ ಪ್ರಕರಣ ಅದೇ. ಗೆದ್ದದ್ದು ಸರ್ಕಾರ.

ನಮ್ಮ ಮನೆಯ ಕಡೆ ನೋಡಿದರೆ, ಮೀಸಾ ಕಾಯ್ದೆ ಬಂದದ್ದೂ 1971ರ ಜುಲೈನಲ್ಲಿ, ಡೆರಿ ಬೆಲ್‌ಫಾಸ್ಟ್‌ಗಳ ಬಾಗಿಲು ಬಡಿಯುವ ತಿಂಗಳ ಮುಂಚೆ. 'ಸಂಸ್ಕಾರ' ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿ, ತುರ್ತು ಪರಿಸ್ಥಿತಿಯಲ್ಲಿ ಇದೇ ಕಾಯ್ದೆಯಡಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಐದೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ತುರ್ತು ಪರಿಸ್ಥಿತಿಯಲ್ಲಿ ಹೇಬಿಯಸ್ ಕಾರ್ಪಸ್ ಕೇಳುವ ಹಕ್ಕೇ ಇಲ್ಲ ಅಂತ 1976ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತ್ತು, ಒಪ್ಪದವರು ಎಚ್. ಆರ್. ಖನ್ನಾ ಒಬ್ಬರೇ. ಆ ತೀರ್ಪು ಬಿದ್ದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ. ಸಂವಿಧಾನದ 22ನೇ ವಿಧಿ ಮಾತ್ರ ಹಾಗೇ ಇದೆ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತನ್ನಿ ಅನ್ನುವ ಅದೇ ವಿಧಿ, ಮುನ್ನೆಚ್ಚರಿಕೆ ಬಂಧನಕ್ಕೆ ಅದು ಅನ್ವಯಿಸಲ್ಲ ಅಂತಲೂ ಹೇಳುತ್ತೆ.

ಓದುತ್ತಾ ಕೂತಾಗ ಒಬ್ಬರ ಫೋನಿಗೆ ಅಮ್ಮನ ಸಂದೇಶ ಬಂತು: "ಓದೋಕೆ ಹೋಗಿದ್ದೀಯ, ಓದ್ಕೊಂಡು ಬಾ. ಮೆರವಣಿಗೆ ಗಿರವಣಿಗೆ ಬೇಡ ಕಣೋ." ನಕ್ಕೆವು, ಆಮೇಲೆ ಸುಮ್ಮನಾದೆವು. ವೀಸಾದ ಮೇಲೆ ಬದುಕುವವರಿಗೆ ಆ ಭಯ ಸುಳ್ಳಲ್ಲ. ನಮ್ಮಲ್ಲಿ ಮೂವರು ಯಾವ ಅರ್ಜಿಗೂ ಸಹಿ ಹಾಕಲ್ಲ ಅಂತ ಮೊದಲೇ ಹೇಳಿದ್ದಾರೆ, ಅವರನ್ನು ಹೇಡಿ ಅನ್ನಲು ನಮಗೆ ಮನಸ್ಸಿಲ್ಲ. ಡೆವ್ಲಿನ್ ತನ್ನ ಊರಲ್ಲಿದ್ದಳು.

ಸಹಿ ಅಂದಾಗ ನೆನಪಾಯಿತು. 2020ರ ಮೇ 13ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್, 1973ರಲ್ಲಿ ಜೆರಿ ಆಡಮ್ಸ್ ಅವರನ್ನು ಒಳಗಿಟ್ಟ ಆದೇಶ ಸಿಂಧುವೇ ಅಲ್ಲ ಅಂದಿತು. ಕಾರಣ ಇಷ್ಟೇ: ಪ್ರಕರಣವನ್ನು ಸಚಿವರೇ ಖುದ್ದಾಗಿ ನೋಡಬೇಕಿತ್ತು, ಕಿರಿಯ ಸಚಿವರೊಬ್ಬರು ಸಹಿ ಹಾಕಿ ಕಳಿಸಿದ್ದರು. ಇಷ್ಟು ಹೇಳಲು 47 ವರ್ಷ ಬೇಕಾಯಿತು.

ಮೈಕಲ್ ಫ್ಯಾರೆಲ್ ಮುಂದೆ ಡಬ್ಲಿನ್‌ನಲ್ಲಿ ವಕೀಲರಾಗಿ, 2012ರಲ್ಲಿ ಐರ್ಲೆಂಡ್ ಅಧ್ಯಕ್ಷರ ಸಲಹಾ ಮಂಡಳಿಗೂ ನೇಮಕವಾದರು. ನಮ್ಮ ಗುಂಪಿನ ನಾಲ್ವರು ಈಗ ಬ್ರಿಟಿಷ್ ವೀಸಾಕ್ಕೆ ಅರ್ಜಿ ಹಾಕಿದ್ದೇವೆ. ಜನವರಿ ಕೊನೆಯ ಭಾನುವಾರ ಡೆರಿಯಲ್ಲಿ ಆ 1972ರ ದಾರಿಯಲ್ಲೇ ಜನ ನಡೆಯುತ್ತಾರೆ. ವೀಸಾ ಇರುವವರು, ಬರುವ ಮನಸ್ಸಿದ್ದವರು ತಿಳಿಸಿ. ಬಸ್ಸಿನ ಟಿಕೆಟ್ ಒಟ್ಟಿಗೆ ತೆಗೆಯೋಣ.